ಮಯಿಲ್‌ಸಾಮಿ ಮನೆಮಾತಿನಲ್ಲಿ ಹೇಳಿದ್ದು

ಕೋಯಮತ್ತೂರು
21-2-1986, ಶುಕ್ರವಾರ

ಪ್ರೀತಿಯ ಅಮ್ಮಾ,

ನಿನ್ನ ಮಂಡಿನೋವು ಹೇಗಿದೆ? ಮೈಸೂರಿನ ಚಳಿಗೆ ಕಾಲು ಹಿಡಿದುಕೊಳ್ಳುತ್ತದೆ ಎಂದು ಅಕ್ಕ ಬರೆದಿದ್ದಳು. ಬೆಳಗಿನ ಹೊತ್ತು ತಣ್ಣೀರಿಗೆ ಇಳಿಯಬೇಡ. ಇದನ್ನು ಓದಿ ಹೇಳುವಾಗ ಅಕ್ಕ ಅತ್ತು ನಿಲ್ಲಿಸಿದರೆ ಗದರಿಸು, ಪೂರ್ತಿ ಓದಿಸಿಕೋ. ಮೊದಲೇ ಹೇಳಿಬಿಡುತ್ತೇನೆ: ಎಡಗೈಯ ಕೊನೆಯ ಎರಡು ಬೆರಳು ಹೋದವು. ಬರೆಯುವ ಕೈ ಚೆನ್ನಾಗಿದೆ. ನಿನ್ನೆ ಆಸ್ಪತ್ರೆಯಿಂದ ಮನೆಗೆ ಬಂದೆ. ರುಕ್ಮಣಿ ಹಾಸಿಗೆಯಿಂದ ಏಳಲು ಬಿಡುವುದಿಲ್ಲ. ನಿನ್ನ ಸೊಸೆ ಬೈಯುವುದರಲ್ಲಿ ನಿನ್ನನ್ನೂ ಮೀರಿಸಿದ್ದಾಳೆ.

ಕಾಲೇಜಿನಲ್ಲಿ ಕತೆ ಬರೆಯಲು ಕಲಿಸುತ್ತೇನೆಂದರೆ, ‘ಅದ್ಕೂ ಸಂಬಳ ಕೊಡ್ತಾರಾ ಶಣ್ಮುಗಂ?’ ಎಂದು ನೀನು ನಗುತ್ತಿದ್ದೆ. ಆ ತರಗತಿಯಲ್ಲೇ ಇದೆಲ್ಲ ನಡೆದದ್ದು. ಹೋದ ವಾರ ಸೋಮವಾರ ಮಕ್ಕಳಿಗೆ, ಪೆನ್ನು ಕೆಳಗಿಡಿ, ಕಣ್ಣಾರೆ ಕಂಡದ್ದೊಂದನ್ನು ಎದ್ದು ನಿಂತು ಹೇಳಿ ಎಂದೆ. ಮುಂದಿನ ಬೆಂಚಿನ ವಿಜಯಕುಮಾರಿ ಎದ್ದಳು. ಮಡತ್ತುಕುಳಂ ಕಡೆಯವಳು, ಮನೆಯಲ್ಲಿ ನಮ್ಮ ಹಾಗೆ ಕನ್ನಡ ಆಡುವ ನಮ್ಮವರ ಹುಡುಗಿ ಎಂದಷ್ಟೇ ನನಗೆ ಗೊತ್ತಿತ್ತು. ಹಬ್ಬಕ್ಕೆಂದು ಅಕ್ಕನ ಮನೆಗೆ ಹೋಗಿದ್ದಳಂತೆ. ಅಕ್ಕನ ಗಂಡ ಬಾವಿಯ ಹಗ್ಗ ಮಡಚಿಕೊಂಡು, ಬೆನ್ನಿನ ಚರ್ಮ ಕಿತ್ತು ಬರುವ ಹಾಗೆ ಹೆಂಡತಿಗೆ ಬಾರಿಸಿದನಂತೆ. ಅವಳು ತೋಟದತ್ತ ಓಡಿದಳು, ಅವನೂ ಹಿಂದೆಯೇ ಓಡಿದ, ಆಮೇಲೆ ಬಾವಿಯಿಂದ ಸದ್ದು ಬಂತು. ಇಷ್ಟನ್ನೂ ಅವಳು ತಮಿಳಿನಲ್ಲಿ, ದನಿ ನಡುಗದಂತೆ ಹೇಳಿದಳು. ಈಗ ಮನೆಯವರು ಅದೇ ಭಾವನಿಗೆ ಇವಳನ್ನು ಕೊಡಲು ಮಾತು ಮುಗಿಸಿದ್ದಾರಂತೆ. ಕೊನೆಗೆ ನನ್ನತ್ತ ತಿರುಗಿ ನಮ್ಮ ಮನೆಮಾತಿನಲ್ಲಿ, ‘ಸಾರ್, ಇದು ನಿಮ್ ಮಾವನ ಮನೆ ಕತೆ. ನಮ್ಮಕ್ಕ ಸಾಂತಿ’ ಎಂದಳು. ಅಮ್ಮಾ, ನಿನ್ನ ತಮ್ಮ ಕುಪ್ಪುಸಾಮಿ ಮಾವನ ಸೊಸೆ. ಕಾಲು ಜಾರಿ ಬಾವಿಗೆ ಬಿದ್ದಳೆಂದು ನಾವೆಲ್ಲ ಅತ್ತೆವಲ್ಲ, ಆ ಸಾಂತಿ.

ತರಗತಿಯ ಮಾತು ಊರು ಮುಟ್ಟಲು ತಡವಾಗಲಿಲ್ಲ. ಬುಧವಾರ ನಾನು ಪಾಠ ಮಾಡುತ್ತಿರುವಾಗ ಮಾವನ ಮಗ ಮಯಿಲ್‌ಸಾಮಿ ಒಳಗೆ ನುಗ್ಗಿದ. ಕೈಯಲ್ಲಿ ತೆಂಗಿನಕಾಯಿ ಕೆತ್ತುವ ಮಚ್ಚು. ವಿಜಯಕುಮಾರಿಯ ಜಡೆಯನ್ನು ಕೈಗೆ ಸುತ್ತಿಕೊಂಡು ಬೆಂಚಿನ ಮೇಲಿಂದ ಎಳೆದ. ಅವಳ ಹಣೆ ಮೇಜಿನ ಅಂಚಿಗೆ ಬಡಿದು ಒಡೆಯಿತು. ನಾನು ನಡುವೆ ಹೋದೆ. ‘ತಳ್ಳಿ ನಿಲ್ಲು ಭಾವಾ, ದೂರ ಸರಿ!’ ಎಂದು ಕೂಗಿ ಮಚ್ಚು ಬೀಸಿದ. ಕೈ ಅಡ್ಡ ಹಿಡಿದೆ. ನೋವು ತಕ್ಷಣ ಗೊತ್ತಾಗಲಿಲ್ಲ. ಹಾಜರಿ ಪುಸ್ತಕದ ಮೇಲೆ ಬಿದ್ದಿದ್ದ ಬೆರಳುಗಳು ಯಾರವೋ ಎನ್ನುವಂತೆ ನೋಡಿದೆ. ಅಷ್ಟರಲ್ಲಿ ಹುಡುಗರು ಅವನ ಮೇಲೆ ಬಿದ್ದರು. ಕುರ್ಚಿ ಮುರಿದು ಅದರ ಕಾಲಿನಿಂದ ಹೊಡೆದರು, ಮುಖವನ್ನು ತುಳಿದರು. ದವಡೆ ಮುರಿದ ಸದ್ದು ನನಗೆ ಕೇಳಿಸಿತು. ಇನ್ನೂ ಹೊಡೆಯಲಿ ಅನ್ನಿಸಿತು ಅಮ್ಮಾ, ನಿನ್ನ ಹತ್ತಿರ ಯಾಕೆ ಸುಳ್ಳು ಹೇಳಲಿ.

ಮಚ್ಚು ವಿಜಯಕುಮಾರಿಯ ಕೈಗೆ ಸಿಕ್ಕಿತ್ತು. ಹುಡುಗರು ಹಿಂದೆ ಸರಿದರು. ಹಣೆಯ ರಕ್ತ ಕಣ್ಣಿಗಿಳಿಯುತ್ತಿದ್ದರೂ ಒರೆಸಿಕೊಳ್ಳದೆ ಅವನ ತಲೆಯ ಪಕ್ಕದ ಬೆಂಚಿನ ಹಲಗೆಗೆ ಹೊಡೆದಳು, ಹಲಗೆ ಸೀಳಿತು. ‘ನಮ್ಮಕ್ಕನ ಏನ್ಮಾಡ್ದೆ? ಹೇಳೋ!’ ಎಂದು ಮತ್ತೆ ಎತ್ತಿದಳು. ಮುರಿದ ದವಡೆಯಲ್ಲೇ ಅವನು ಅಂದ: ‘ತಳ್ಬುಟ್ಟೆ... ಬಾವಿಗೆ ನಾನೇ ತಳ್ಬುಟ್ಟೆ.’ ಮಚ್ಚು ಇಳಿಯುವುದರಲ್ಲಿತ್ತು. ‘ಬ್ಯಾಡಮ್ಮಾ, ನೀ ಜೈಲಿಗೆ ಹೋದ್ರೆ ಸಾಂತಿ ಪರವಾಗಿ ನಿಲ್ಲೋರ್ಯಾರು?’ ಎಂದು ಕೂಗಿದೆ. ಅವಳು ನನ್ನನ್ನೊಮ್ಮೆ ನೋಡಿ ಮಚ್ಚನ್ನು ಕಿಟಕಿಯಾಚೆ ಎಸೆದಳು. ಆಮೇಲೆ ನನಗೆ ಎಚ್ಚರ ತಪ್ಪಿತು.

ಆ ತರಗತಿಯಲ್ಲಿ ನಮ್ಮ ಭಾಷೆ ತಿಳಿದವರು ನಾವು ಮೂವರೇ. ಉಳಿದವರಿಗೆ ಅವನು ನರಳಿದ್ದಷ್ಟೇ ಕೇಳಿಸಿತು. ಅದು ಗೊತ್ತಾಗಿಯೇ ಮಾವ ಆಸ್ಪತ್ರೆಗೆ ಬಂದರು. ನನ್ನ ಕಾಲು ಹಿಡಿದುಕೊಂಡರು. ‘ಮಾಪ್ಳೆ, ಅವ್ಳ ಮಾತ ಯಾರೂ ನಂಬಲ್ಲ. ನೀ ಒಬ್ಬ ವಾಯಿ ಮುಚ್ಕೊಂಡ್ರೆ ನನ್ನ ಮಗ ಬದುಕ್ತಾನೆ’ ಎಂದು ಅತ್ತರು. ಅಪ್ಪ ತೀರಿಕೊಂಡ ಮೇಲೆ ನಮಗೆ ಊಟ ಹಾಕಿದವರು, ನನ್ನನ್ನು ಓದಿಸಿದವರು. ನನಗೂ ಅಳು ಬಂತು. ಕಾಲೇಜಿನಲ್ಲಂತೂ ಪ್ರಿನ್ಸಿಪಾಲರು, ಇನ್ನು ಪಠ್ಯ ಬಿಟ್ಟು ಏನೂ ಬೇಡ ಎಂದು ಕತೆಯ ತರಗತಿ ಮುಚ್ಚಿದ್ದಾರೆ. ಮಕ್ಕಳು ಮಾತ್ರ ಸಂಜೆ ಮನೆಗೇ ಬರುತ್ತಾರೆ. ರುಕ್ಮಣಿ ಕಾಫಿ ಕೊಡುತ್ತಾಳೆ, ಅವರು ತಾವು ಕಂಡದ್ದನ್ನು ಒಬ್ಬೊಬ್ಬರಾಗಿ ಹೇಳುತ್ತಾರೆ.

ಮಾತ್ರೆ ತಪ್ಪಿಸಬೇಡ. ಅಕ್ಕನಿಗೂ ಭಾವನಿಗೂ ನಮ್ಮಿಬ್ಬರ ನಮಸ್ಕಾರ. ನಿನ್ನ ಕೈ ನನ್ನ ತಲೆಯ ಮೇಲಿರಲಿ.

ನಿನ್ನ ಮಗ,
ಶಣ್ಮುಗಂ

ಮರೆತೆ: ಇವತ್ತು ಬೆಳಗ್ಗೆ ಪೊಲೀಸರು ಬಂದಿದ್ದರು. ಮಯಿಲ್‌ಸಾಮಿ ಆಡಿದ ಮಾತನ್ನು ಅವನು ಆಡಿದ ಹಾಗೆಯೇ ಹೇಳಿ ಸಹಿ ಹಾಕಿದೆ. ನಿನ್ನಿಂದ ನನಗೆ ಬುದ್ಧಿ ಹೇಳಿಸಲು ಮಾವ ಮೈಸೂರಿಗೆ ಬರುತ್ತಾರಂತೆ. ಊಟ ಹಾಕು, ಮಾತು ಕೊಡಬೇಡ. ಈ ಕಾಗದವನ್ನು ಅಂಚೆಗೆ ಹಾಕುತ್ತಿಲ್ಲ. ಇದನ್ನು ತಂದವಳನ್ನು ಹೆತ್ತವರು ಮನೆಗೆ ಸೇರಿಸುತ್ತಿಲ್ಲ, ಹಾಸ್ಟೆಲಿನವರೂ ಹೊರಗೆ ಹಾಕಿದರು. ಹಣೆಗೆ ಪಟ್ಟಿ ಕಟ್ಟಿಕೊಂಡು, ಅಕ್ಕ ಇದನ್ನು ಓದಿ ಮುಗಿಸುವವರೆಗೆ ಬಾಗಿಲಲ್ಲೇ ನಿಂತಿರುವವಳು ವಿಜಯಕುಮಾರಿ. ಒಳಗೆ ಕರೆ ಅಮ್ಮಾ.