ಈನಿಡಳ ಗೆಲುವು ಯಾರದು

ಗುರುವಾರ, ಅಕ್ಟೋಬರ್ ೧೨

ನಿನ್ನೆ ಬರೆದದ್ದೇ ಇನ್ನೂ ತಲೆ ತಿನ್ನುತ್ತಿದೆ. ಶನಿವಾರ ಕ್ಲಬ್ಬಿನವರು ತೀರಿಹೋದ ನನ್ನ ಹೆಂಡತಿ ಈನಿಡಳ ಹೆಸರಿನ ಫಲಕ ಹಾಕುತ್ತಾರೆ, ನಾನು ಮಾತಾಡಬೇಕು. ಯಾರ್ಕ್‌ಷೈರಿನ ಈ ಗಣಿಯೂರಿನ ಹೆಂಗಸರ ಫುಟ್‌ಬಾಲ್ ತಂಡಕ್ಕೆ ಇಪ್ಪತ್ತೆರಡು ವರ್ಷ ಕೋಚ್ ಆಗಿದ್ದವಳು. ನಾನು ಒಂದು ಪಂದ್ಯವನ್ನೂ ನೋಡಿದವನಲ್ಲ. ಭಾನುವಾರ ಸಂಜೆ ಕೆಸರು ಮೆತ್ತಿದ ಜರ್ಸಿಗಳನ್ನು ಒಗೆದು ಹಾಕುತ್ತಿದ್ದೆ, ಅಷ್ಟೇ. ಕಾಲೇಜಿನಲ್ಲಿ ಕಲಿತ ಇಂಗ್ಲಿಷ್ ಸಾಹಿತ್ಯದಲ್ಲಿ ಅರ್ಧ ಮರೆತಿದೆ, ಉಳಿದರ್ಧ ಭಾಷಣಕ್ಕೆ ಒದಗುವಂಥದ್ದಲ್ಲ.

ಇವತ್ತು ಆಗಿನ ಗೋಲ್‌ಕೀಪರ್ ಮ್ಯಾಕ್ಸಿನ್ ಬಂದಿದ್ದಳು. "ವಿಲ್ಫಣ್ಣ, ಶನಿವಾರ ನಿಮ್ಮ ನೋಟ್‌ಬುಕ್ ತರ್ತೀರಲ್ಲ?" ಅಂದಳು.

"ಯಾವ ನೋಟ್‌ಬುಕ್ಕೇ?"

"ಸಾಕು ನಾಚ್ಕೊಂಡಿದ್ದು! ಯಾರನ್ನ ಎಲ್ಲಿ ಆಡಿಸ್ಬೇಕು ಅಂತ ನೀವೇ ಬರ್ಕೊಡ್ತಿದ್ರಂತಲ್ಲ. ಕಮಿಟಿ ಮುದುಕ್ರು ತಕರಾರು ತೆಗೆದಾಗೆಲ್ಲ ಈನಿಡಕ್ಕ, 'ಇದು ನಮ್ಮನೆಯವರ ಲೆಕ್ಕಾಚಾರ' ಅನ್ನೋರು. ಅವ್ರೆಲ್ಲ ಗಪ್‌ಚಿಪ್!"

ಅದ್ದಿದ ಬಿಸ್ಕತ್ತು ಚಹಾದಲ್ಲೇ ಕರಗಿತು. ಆಫ್‌ಸೈಡ್ ಎಂದರೇನೆಂದೇ ನನಗೆ ಗೊತ್ತಿಲ್ಲ. ನನ್ನ ಹೆಸರನ್ನು ಕೊಡೆಯ ಹಾಗೆ ಹಿಡಿದಳೋ, ಒಳಗೊಳಗೇ ನನ್ನನ್ನು ಕಂಡು ನಗುತ್ತಿದ್ದಳೋ?

ನಿಜ ಹೇಳಿದರೆ ಊರೆದುರು ಅವಳು ಸುಳ್ಳುಗಾತಿ. ಹೇಳದಿದ್ದರೆ ಅವಳ ಗೆಲುವೆಲ್ಲ ನನ್ನ ಪಾಲು. ಸುಳ್ಳುಗಾತಿ ಎಂದರೂ ಅನ್ನಲಿ, ಗೆದ್ದವಳು ಅವಳೇ ಎಂದುಬಿಡಲೇ? ಆದರೆ ಅವಳೇ ಮುಚ್ಚಿಟ್ಟದ್ದನ್ನು ಬಿಚ್ಚಲು ನಾನು ಯಾರು?

ಮೊದಲ ವಾಕ್ಯವನ್ನಾದರೂ ಬರೆದಿಡುತ್ತೇನೆ: ನನಗೆ ಫುಟ್‌ಬಾಲ್ ಗೊತ್ತಿಲ್ಲ. ಎರಡನೆಯದು... ಕಿಟಕಿಯ ಬೆಳಕು ಹೋಗುತ್ತಿದೆ, ಹಾಳೆಯ ಗೆರೆಯೇ ಕಾಣುತ್ತಿಲ್ಲ.