ಕುಂಬಾರ ಹುಳದ ಫೋಟೋ

ಆಗಸ್ಟ್ ೪, ಭಾನುವಾರ
ಪೂಜೆ ಮುಗಿಯಿತು. ಸತ್ಯನಾರಾಯಣಪೇಟೆಯ ಈ ಮನೆಗೆ ನಾನೇ ಹಿರಿಯಳು. ಎಸ್ಸೆಸ್ಸೆಲ್ಸಿ ಪಾಸು. ಕೊಟ್ರಬಸಮ್ಮನ ಮಾತೆಂದರೆ ಬಳಗದಲ್ಲಿ ಎರಡನೇ ಮಾತಿಲ್ಲ.

ಸಿರುಗುಪ್ಪದಿಂದ ಸೊಸೆ ಶಶಿರೇಖಾ ಮನೆಯವರ ಗ್ರೂಪಿಗೆ ಫೋಟೋ ಹಾಕಿದ್ದಾಳೆ. ಅಲ್ಲಿ ಕಾಲೇಜಿನಲ್ಲಿ ಬಯಾಲಜಿ ಕಲಿಸುತ್ತಾಳೆ, ಹುಳ ಕಂಡರೆ ಬಿಡುವವಳಲ್ಲ. ಅವರ ಕಿಟಕಿಯ ಮೂಲೆ, ಮಣ್ಣಿನ ಗೂಡು, ಮೇಲೊಂದು ನೀಲಿ ಹೊಳಪಿನ ಹುಳ. ಹೆಸರು ಯಾರಿಗಾದರೂ ಗೊತ್ತಾ ಅಂತ ಪ್ರಶ್ನೆ.

ಕೇಳಬೇಕೇ... ಕುಂಬಾರ ಹುಳ. ಅದು ಗೂಡು ಕಟ್ಟಿದ ಮನೆಯಲ್ಲಿ ಹೆಣ್ಣು ಬಸುರಿ. ಶಶಿಗೆ ಮದುವೆಯಾಗಿ ಒಂಬತ್ತು ವರ್ಷ, ಇನ್ನೂ ಮಕ್ಕಳಿಲ್ಲ. ಬಾಯಿಬಿಟ್ಟು ಹೇಳಲು ನಾಚಿಕೆ, ಅದಕ್ಕೇ ಫೋಟೋ. ಕುರುಗೋಡಿಗೆ, ನಾದಿನಿ ಚನ್ನವೀರಮ್ಮನಿಗೆ, ಆಗಲೇ ಫೋನ್ ಮಾಡಿದೆ.

ಆಗಸ್ಟ್ ೧೧
ಚನ್ನವೀರಮ್ಮ ಹಸಿರು ಸೀರೆ ತಂದಿದ್ದಾಳಂತೆ. ಗುರುವಾರ ಸಿರುಗುಪ್ಪದಲ್ಲೇ ಕಳ್ಳ ಕುಬಸ — ಬಸುರಿಗೆ ಹಸಿರು ಉಡಿಸುವ ಮೊದಲ ಶಾಸ್ತ್ರ, ಮೂರು ತಿಂಗಳೊಳಗೆ ಸದ್ದಿಲ್ಲದೆ ಮುಗಿಸಬೇಕು. ಶಶಿಗೆ ತಿಳಿಸಿಲ್ಲ. ತಿಳಿಸಿದರೆ ಬೇಡ ಎನ್ನುತ್ತಾಳೆ.

ಆಗಸ್ಟ್ ೧೫, ರಾತ್ರಿ
ಬರೆಯಲಾರೆ.

ಆಗಸ್ಟ್ ೧೭
ಕಾಲೇಜಿನಲ್ಲಿ ಧ್ವಜಾರೋಹಣ ಮುಗಿಸಿ ಶಶಿ ಬಂದಾಗ ಪಡಸಾಲೆ ತುಂಬ ಕುರುಗೋಡಿನ ಹೆಂಗಸರು. ಹಸಿರು ಬಳೆ, ಬುತ್ತಿ. ಕುಂಕುಮ ಹಚ್ಚಲು ನಾನೇ ಎದ್ದೆ. ಹಿಂದೆ ಸರಿದಳು. ಬಸುರಿಯಲ್ಲ.

ಅದೇ ಫೋಟೋವನ್ನು ಹುಳಗಳ ಬಗ್ಗೆಯೇ ಓದಿದವರಿಗೂ ಕಳಿಸಿದ್ದಳಂತೆ. ಇಂಥವು ಎಷ್ಟೋ ಜಾತಿ, ಹೆಚ್ಚಿನವನ್ನು ಯಾರೂ ಸರಿಯಾಗಿ ಅಭ್ಯಾಸ ಮಾಡಿಲ್ಲ, ಹುಳವನ್ನೇ ಭೂತಗನ್ನಡಿಯಲ್ಲಿ ನೋಡದೆ ಹೇಳಲಾಗದು ಎಂದರಂತೆ.

"ಅತ್ತಿ, ಓದಿದೋರು ಫೋಟೋ ನೋಡಿ ಹುಳದ ಹೆಸರು ಹೇಳಾಕ ಬರಂಗಿಲ್ಲ ಅಂತಾರ. ನೀವು ನನ್ನ ಹೊಟ್ಟ್ಯಾಗಿಂದು ಹೇಳಿಬಿಟ್ರಿ."

ದನಿ ಏರಿಸಲಿಲ್ಲ. ಏರಿಸಿದ್ದರೆ ಬೈಯಬಹುದಿತ್ತು.

ಚನ್ನವೀರಮ್ಮ ಸೀರೆ ಮಡಚುತ್ತ, "ಅತ್ತಿಗಿ, ಹುಳ ನಿಮಗ ಫೋನ್ ಮಾಡಿತ್ತೇನ್ರಿ?" ಅಂದಳು. ಎಲ್ಲರೂ ನಕ್ಕರು. ಶಶಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಆಗಸ್ಟ್ ೨೦
ಕುರುಗೋಡಿನಲ್ಲಿ ಮಾತು ತಿರುಗಿದೆ. ಬಸುರಿ ಅಂತ ಸುಳ್ಳು ಹೇಳಿದ್ದು ಸೊಸೆಯೇ ಅಂತೆ. ಚನ್ನವೀರಮ್ಮ ಫೋನಿನಲ್ಲಿ ಕೇಳಿದಳು, ಹೌದೇ ಎಂದು. ನಾನು ಅಲ್ಲ ಎನ್ನಲಿಲ್ಲ. ನನ್ನ ಮಾನ ಉಳಿಯಿತು... ಥೂ.

ಆಗಸ್ಟ್ ೨೫
ಕುರುಗೋಡಿಗೆ ಹೋಗಿ ಬಂದೆ. ಬಸ್ಸಿನಲ್ಲಿ, ಒಬ್ಬಳೇ. ಆ ಹೆಂಗಸರನ್ನೆಲ್ಲ ನಾದಿನಿಯ ಪಡಸಾಲೆಗೇ ಕರೆಸಿದೆ. ಕೂಡ್ರಿ ಎಂದರು, ಕೂಡಲಿಲ್ಲ.

"ಸೊಸಿ ಏನೂ ಹೇಳಿದ್ದಿಲ್ಲ. ಹೇಳಿದಾಕಿ ನಾನು. ತಪ್ಪು ನಂದು."

ಚನ್ನವೀರಮ್ಮ ಚಹಾ ತಂದಳು. ನಿಂತೇ ಕುಡಿದೆ.

ಮನೆಗೆ ಬಂದು ಗ್ರೂಪಿನಲ್ಲಿ ಆ ಫೋಟೋ ಹುಡುಕಿ ಕೆಳಗೆ ಬರೆದೆ: ಹುಳದ ಹೆಸರು ನನಗೆ ಗೊತ್ತಿಲ್ಲ, ಶಶಿ. ಕಳಿಸಿಯೂ ಬಿಟ್ಟೆ. ಗೊತ್ತಿಲ್ಲ ಅಂತ ನನ್ನ ಕೈಯಿಂದ ಬರೆದದ್ದು ಇದೇ ಮೊದಲ ಸಲ.