ಅವರೇ ಮಾಡಿಕೊಂಡ ಗುಂಪು

೧೨ ಆಗಸ್ಟ್ ೨೦೨೫, ಮಂಗಳವಾರ

ಶೇವಂತಾಳ ಮಾತು ತಲೆಯಿಂದ ಹೋಗುತ್ತಿಲ್ಲ.

ಮಕ್ಕಳಿಗೆ ಆಯ್ಕೆ ಬಿಟ್ಟುಕೊಟ್ಟರೆ ಕಲಿಯುವ ಹುರುಪು ಬರುತ್ತದೆ ಎಂದು ಅಥಣಿಯ ತರಬೇತಿಯಲ್ಲಿ ಹೇಳಿದ್ದರು. ಇವತ್ತು ಏಳನೇ ತರಗತಿಯಲ್ಲಿ, "ಗುಂಪು ನೀವ ಮಾಡ್ಕೋರಿ, ಪಾಠಾನೂ ನೀವ ಆರಿಸ್ರಿ" ಎಂದೆ. ಅಂಥ ಗದ್ದಲ, ಅಂಥ ಖುಷಿ ನಾನು ಕಂಡೇ ಇರಲಿಲ್ಲ. ನಗುತ್ತಾ ನಿಂತವಳಿಗೆ ಆಮೇಲೆ ಕಂಡಿತು. ಊರಲ್ಲಿ ಜಾತಿಗೊಂದು ಓಣಿ, ತರಗತಿಯಲ್ಲಿ ಓಣಿಗೊಂದು ಮೂಲೆ. ಜೂನ್‌ನಿಂದ ನಾನು ಕಲೆಸಿ ಕೂರಿಸಿದ್ದೆಲ್ಲ ಎಲ್ಲಿ ಹೋಯಿತು?

ಕೆಡಿಸಿ ಮತ್ತೆ ಕೂರಿಸೋಣವೆಂದು ಬಾಯಿ ತೆರೆಯುವಷ್ಟರಲ್ಲಿ ಕಡೆಯ ಓಣಿಯ ಶೇವಂತಾ ಎದ್ದಳು. ಇಷ್ಟು ದಿನ ತುಟಿ ಬಿಚ್ಚದ ಹುಡುಗಿ, ಕಬ್ಬಿನ ಬೇರು ನೀರು ಹೀರುವುದನ್ನು ಬೋರ್ಡಿನ ಮೇಲೆ ಚಿತ್ರ ಬರೆದು ವಿವರಿಸಿದಳು. ಬೇರೆ ಮೂಲೆಗಳೂ ಸುಮ್ಮನಾಗಿ ಕೇಳಿದವು.

ಶಾಲೆ ಬಿಟ್ಟ ಮೇಲೆ ಅವಳನ್ನು ಕರೆದು ಕೇಳಿದೆ, "ನಾ ಮಾಡಿದ ಗುಂಪಿನ್ಯಾಗ ಯಾಕ ಮಾತಾಡಂಗಿಲ್ಲ?"

"ಅಲ್ಲೆ ನನಗ ಚಾರ್ಟ್ ಹಿಡಿಯಾಕಷ್ಟ ಹೇಳ್ತಾರ್ರಿ ಅಕ್ಕೋರ."

ಅಂದರೆ ಎಲ್ಲರೂ ಬೆರೆತಿದ್ದಾರೆ ಅಂದುಕೊಂಡವಳು ನಾನೊಬ್ಬಳೇ. ಹಾಗಂತ ಓಣಿಗೊಂದು ಮೂಲೆ ಎಂದೇ ಬಿಟ್ಟುಬಿಡಲೇ? ನಾನು ಗುಂಪು ಮಾಡಿದರೆ ಅವಳಿಗೆ ಬಾಯಿಲ್ಲ. ಅವರೇ ಮಾಡಿಕೊಂಡರೆ ನಾನು ಈ ಮಕ್ಕಳಿಗೆ ಏನು ಕಲಿಸಿದಂತಾಯಿತು? ತರಬೇತಿಯಲ್ಲಿ ಇದನ್ನು ಯಾರೂ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಗೇಟಿನ ತನಕ ಹೋದವಳು ತಿರುಗಿ ಕೂಗಿದಳು, "ನಾಳೀನೂ ನಾವ ಆರಿಸೂದೇನ್ರಿ?"

ತಲೆ ಅಲ್ಲಾಡಿಸಿದೆ. ಅದು ಹೂಂ ಎಂದೋ ಉಹೂಂ ಎಂದೋ ನನಗೇ ತಿಳಿಯಲಿಲ್ಲ. ಅವಳು ಮಾತ್ರ ನಕ್ಕು ಓಡಿದಳು.